ಬಲಕ್ಕೆ ಎಳೆಯುವ ವಿಮಾನ

ಅಪ್ಪ ಜೊತೆಗಿದ್ದರೆ ಮಗಳಿಗೆ ಬಲ ಎನ್ನುತ್ತಾರೆ. ಆ ಭಾನುವಾರ ಅಪ್ಪನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಮಗಳು ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವನ್ನು ಇಳಿಸಿದಾಗ, ಚಕ್ರ ರನ್‌ವೇ ಮುಟ್ಟಿದ್ದೇ ತಡ, ವಿಮಾನವೂ ಬಲಕ್ಕೇ ಹೋಯಿತು. ಹಲ್ಲು ಕಚ್ಚಿ ಎಡಗಾಲಿನ ಪೆಡಲು ಒತ್ತಿ, ಅಂಚಿನ ದೀಪಕ್ಕೆ ಇನ್ನೇನು ಮುತ್ತಿಡಬೇಕು ಎನ್ನುವಾಗ ನಿಲ್ಲಿಸಿದಳು.

ಲೈಸೆನ್ಸ್ ಬಂದ ಮೇಲೆ ಅವಳು ಹತ್ತಿಸಿಕೊಂಡ ಮೊದಲ ಪ್ರಯಾಣಿಕ ಅಪ್ಪ. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಇಳಿದವರೇ, ಸ್ಟೇರಿಂಗನ್ನು ಕೊಂಚ ಮೊದಲೇ ತಿರುಗಿಸಬೇಕಿತ್ತು ಎಂದು ಪಾಠ ಶುರುಮಾಡಿದರು. ನೆಲದ ಮೇಲೆ ವಿಮಾನ ತಿರುಗುವುದು ಕೈಯಿಂದಲ್ಲ, ಕಾಲಿನ ಪೆಡಲುಗಳಿಂದ. ಪೆಡಲಿನ ತುದಿ ಒತ್ತಿದರೆ ಆ ಕಡೆಯ ಚಕ್ರಕ್ಕೆ ಬ್ರೇಕು ಎಂದು ಅವಳು ವಿವರಿಸಿದಳು. ಪರೀಕ್ಷೆಯಲ್ಲಿ ಫೇಲಾದ ಶಿಷ್ಯರ ನೆಪ ಕೇಳುವ ಮುಖ ಮಾಡಿಕೊಂಡು ಮೇಷ್ಟ್ರು ತಲೆಯಾಡಿಸಿದರು.

ಮೆಕ್ಯಾನಿಕ್ ಮುಂದಿನ ಚಕ್ರ ಬಿಚ್ಚಿದ, ಬ್ರೇಕು ಬಿಚ್ಚಿದ, ಕೊನೆಗೆ ಬೇಸತ್ತು ತನ್ನ ಊಟದ ಡಬ್ಬಿ ಬಿಚ್ಚಿದ. ಹುಳುಕು ಸಿಗಲಿಲ್ಲ. ಅವಳಿಗೆ ಹಾರಲು ಕಲಿಸಿದ ಕ್ಯಾಪ್ಟನ್, ರೇಡಿಯೊದಲ್ಲಿ ಮಾತಾಡಿ ಮಾತಾಡಿ ಹೆಂಡತಿಯ ಹತ್ತಿರ ಉಪ್ಪು ಕೇಳುವಾಗಲೂ ಮೂಗಿನಲ್ಲೇ ಗೊರಗುಟ್ಟಿ ‘ಓವರ್’ ಎನ್ನುವ ಆಸಾಮಿ, ತಾವೇ ಒಂದು ಸುತ್ತು ಹಾರಿಸಿ ದಾರ ಹಿಡಿದಂತೆ ನೆಟ್ಟಗೆ ಇಳಿಸಿದರು. ಮುಂದಿನ ವಾರ ಅಪ್ಪ, ಮಗಳು ಮತ್ತೆ ಹಾರಿದರು. ವಿಮಾನ ಮತ್ತೆ ಬಲಕ್ಕೆ ಎಳೆಯಿತು. ಈ ಸಲ ಹುಲ್ಲಿನ ರುಚಿಯನ್ನೂ ನೋಡಿತು.

“ವಿಮಾನದಲ್ಲಿ ಏನೂ ತೊಂದರೆ ಇಲ್ಲಮ್ಮ,” ಎಂದರು ಕ್ಯಾಪ್ಟನ್. “ನಾಳೆ ಇದೇ ವಿಮಾನ, ಇದೇ ಜನ, ಹಿಂದಿನ ಸೀಟಲ್ಲಿ ನಾನು. ನೆಟ್ಟಗೆ ಇಳಿಸಿದ್ರೆ ಸರಿ. ಇಲ್ಲಾಂದ್ರೆ ಮತ್ತೆ ಮೊದಲನೇ ಪಾಠದಿಂದ ಶುರು. ಪ್ಯಾಸೆಂಜರು ಗೀಸೆಂಜರು ಎಲ್ಲಾ ಬಂದ್. ಓವರ್.”

ಮನೆಗೆ ಹೋಗುವಾಗ ಕಾರು ಓಡಿಸಿದವಳೂ ಮಗಳೇ. ಸಿಗ್ನಲ್ ಬಂದು ನಿಂತಾಗ ಅಪ್ಪನ ಕನ್ನಡಕದ ಡಬ್ಬಿ ಜಾರಿ ಕೆಳಗೆ ಬಿತ್ತು. ಎತ್ತಿಕೊಡಲು ಬಗ್ಗಿದವಳ ಕಣ್ಣಿಗೆ ಅಪ್ಪನ ಬಲಗಾಲಿನ ಬೂಟು ಬಿತ್ತು. ಅದು ನೆಲವನ್ನು ಅದುಮಿಕೊಂಡು ನಿಂತಿತ್ತು. ಅದರಡಿಯ ರಬ್ಬರ್ ಮ್ಯಾಟು ಸವೆದು ಸವೆದು, ಬೂಟಿನ ತುದಿಯಷ್ಟೇ ಅಗಲದ ತೂತಾಗಿತ್ತು. ಸ್ಕೂಲಿನ ಕಾರಿನಲ್ಲಿ ಆ ಜಾಗದಲ್ಲಿ ಮೇಷ್ಟ್ರಿಗೆಂದೇ ಇನ್ನೊಂದು ಬ್ರೇಕಿದೆ. ಮನೆಯ ಕಾರಿನಲ್ಲಿ ಬರೀ ಮ್ಯಾಟು. ವಿಮಾನದಲ್ಲಾದರೋ, ಪಕ್ಕದ ಸೀಟಿಗೂ ಸಾಕ್ಷಾತ್ ಪೆಡಲುಗಳು.

ಬಲಕ್ಕೆ ಎಳೆದದ್ದು ಅಪ್ಪನ ಬಲಗಾಲೇ ಎಂದು ಅವಳು ಹೇಳಿದಾಗ ಮೇಷ್ಟ್ರಿಗೆ ಸಿಟ್ಟೇ ಬಂತು. ಪೆಡಲು ಮುಟ್ಟಬೇಡ ಎಂದು ಹತ್ತುವಾಗಲೇ ಹೇಳಿದ್ದಳು, ತಾವು ಮುಟ್ಟಿಲ್ಲ, ದೇವರಾಣೆಗೂ ಇಲ್ಲ. ಮಗಳು ವಾದಿಸಲಿಲ್ಲ. ಮುಂದೆ ನಿಂತಿದ್ದ ಲಾರಿಯ ಬೆನ್ನ ಹತ್ತಿರಕ್ಕೆ ಮೆಲ್ಲಗೆ ಕಾರನ್ನು ಒಯ್ದಳು. ಬೂಟು ತಾನಾಗಿ ತೂತಿನೊಳಗೆ ಇಳಿಯಿತು. ಮೇಷ್ಟ್ರು ಅದನ್ನು ಬೇರೆ ಯಾರದೋ ಕಾಲೆಂಬಂತೆ ನೋಡಿದರು.

“ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ ಕಣೇ,” ಎಂದರು, ಸಣ್ಣ ದನಿಯಲ್ಲಿ.

“ಗೊತ್ತಪ್ಪ. ನಿನಗಿದೆ. ನಿನ್ನ ಕಾಲಿಗೆ ಇನ್ನೂ ಬಂದಿಲ್ಲ, ಅಷ್ಟೆ.”

ಮರುದಿನ ಮೇಷ್ಟ್ರು ಎರಡೂ ಕಾಲನ್ನು ಸೀಟಿನ ಬುಡಕ್ಕೆ ಎಳೆದುಕೊಂಡು, ಗ್ರೂಪ್ ಫೋಟೋಗೆ ಕೂತ ಹುಡುಗನಂತೆ ಕೂತರು. ಹಿಂದಿನ ಸೀಟಿನಲ್ಲಿ ಕ್ಯಾಪ್ಟನ್. ರನ್‌ವೇ ಮೇಲೆದ್ದು ಬಂತು. ಚಕ್ರ ನೆಲ ಮುಟ್ಟಿದ ಕ್ಷಣ ಮೇಷ್ಟ್ರ ಬಲಮೊಣಕಾಲು ಚಿಮ್ಮಿತು. ಹಗ್ಗ ಬಿಚ್ಚಿಕೊಂಡ ಕರುವನ್ನು ಹಿಡಿಯುವಂತೆ ಅವರು ಅದನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದರು. ವಿಮಾನ ನಡುವಿನ ಬಿಳಿ ಗೆರೆಯ ಮೇಲೆ, ಅತ್ತಿತ್ತ ನೋಡದೆ, ಓಡಿತು.

ಆದರೆ ಮಗಳ ಬೆನ್ನಿಗೆ ಸೀಟಿನ ಆಚೆಯಿಂದ ಎರಡು ಗಟ್ಟಿ ಗಂಟುಗಳು ಒತ್ತುತ್ತಿದ್ದವು. ವಿಮಾನ ನಿಂತ ಮೇಲೆ ತಿರುಗಿದಳು. ಕ್ಯಾಪ್ಟನ್ ಕಣ್ಣು ಮುಚ್ಚಿ, ಎರಡೂ ಪಾದಗಳನ್ನು ಅವಳ ಸೀಟಿನ ಬೆನ್ನಿಗೆ ಊರಿ, ಬಲವಾಗಿ ತುಳಿಯುತ್ತಿದ್ದರು. ಆಮೇಲೆ ಕಣ್ಣು ತೆರೆದು, ಕಾಲನ್ನು ಒಂದೊಂದಾಗಿ ಕೆಳಗಿಳಿಸಿ, ಗಂಟಲು ಸರಿಮಾಡಿಕೊಂಡು, ಪಾಸಾಗಿದ್ದೀಯಮ್ಮ ಎಂದರು.

ಮೇಷ್ಟ್ರು ಪೂರ್ತಿ ಹಿಂದಕ್ಕೆ ತಿರುಗಿದರು. ಮೊದಲ ದಿನದ ಶಿಷ್ಯರಿಗೆಂದೇ ಇಟ್ಟುಕೊಂಡಿದ್ದ ಮೆತ್ತನೆಯ ದನಿ ತೆಗೆದರು.

“ಶುರುವಿನಲ್ಲಿ ಎಲ್ಲರಿಗೂ ಹೀಗೇ ಆಗುತ್ತೆ ಸರ್. ಮೊಣಕಾಲನ್ನ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡ್ಕೊಳ್ಳಿ. ಅಭ್ಯಾಸ ಆಗ್ಬಿಡುತ್ತೆ.”