ಕರೆವ್ವನ ಪಾಲಿಗೆ ಬಂದ ವಚನ

ಕರೆವ್ವನ ಹುಲ್ಲಿನ ಬಣವೆ ಸುಟ್ಟು ಹದಿನೈದು ದಿನವಾಗಿತ್ತು. ಅಂದಿನಿಂದ ವಿದ್ಯಾಶ್ರೀಗೆ ಕುಂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತರೆ ದಾರ ಹರಿಯುತ್ತಿತ್ತು, ಒಲೆಯ ಮುಂದೆ ಹೋದರೆ ರೊಟ್ಟಿ ಹೊತ್ತುತ್ತಿತ್ತು.

"ಅವರ ಬಣವಿ ಸುಟ್ಟರ ನಮ್ಮ ಮನಿ ರೊಟ್ಟಿ ಯಾಕ ಸುಡಬೇಕ?" ಎಂದು ಗಂಡ ಫಕ್ಕೀರೇಶ ನಕ್ಕ. ಅವಳು ನಗಲಿಲ್ಲ.

ದುಂಡಸಿಯ ಉಳಿವೆಪ್ಪನ ಪಡಸಾಲೆಯಲ್ಲಿ ಭಾನುವಾರಕ್ಕೊಮ್ಮೆ ಹತ್ತು ಹನ್ನೆರಡು ಜನ ಪ್ರಾರ್ಥನೆಗೆ ಸೇರುತ್ತಾರೆ. ವಿದ್ಯಾಶ್ರೀ ಅಲ್ಲಿಗೆ ಹೋಗತೊಡಗಿ ಎರಡು ವರ್ಷ. ದೀಕ್ಷಾಸ್ನಾನ ಇನ್ನೂ ಆಗಿಲ್ಲ. ದೇವರು ಎಂಥವನೆಂದು ಮೊದಲು ತಿಳಿಯಲಿ ಎಂದು ಮುಂದೂಡುತ್ತಲೇ ಬಂದಿದ್ದಾಳೆ. ಆದರೂ ಅಲ್ಲಿ ಬೈಬಲ್ ಓದುವವಳು ಅವಳೇ. ಮದುವೆಯಾದ ಮೇಲೆ ಶಿಗ್ಗಾವಿಯ ಸಂಜೆ ತರಗತಿಗೆ ಹೋಗಿ ಹತ್ತನೆಯದು ಪಾಸು ಮಾಡಿದವಳು. ಉಳಿದ ಹೆಂಗಸರಿಗೆ ಅಕ್ಷರ ಬಾರದು. ತಪ್ಪು ಓದಿಬಿಟ್ಟೇನೆಂಬ ಅಂಜಿಕೆಗೆ ಪ್ರತಿ ಭಾಗವನ್ನೂ ಮನೆಯಲ್ಲಿ ಮೂರು ಸಲ ಓದಿಕೊಂಡು ಹೋಗುತ್ತಾಳೆ. ಮುಂದಿನ ಸಾಲು ಕಣ್ಣಿಗೆ ಬೀಳದೆ ಈ ಸಾಲು ಅವಳ ಬಾಯಿಂದ ಹೊರಡುವುದಿಲ್ಲ.

ಹೊಸ ವರ್ಷದ ಮೊದಲ ದಿನ ಬೆಳಿಗ್ಗೆ ಅಲ್ಲೊಂದು ರೂಢಿ. ಪಾಸ್ಟರ್ ರಾಜಕುಮಾರ ಡಬ್ಬಿಯ ತುಂಬ ವಚನದ ಚೀಟಿಗಳನ್ನು ತರುತ್ತಾರೆ. ಪ್ರಾರ್ಥಿಸಿ ಕೈ ಹಾಕಬೇಕು. ಬಂದದ್ದು ಆ ವರ್ಷಕ್ಕೆ ದೇವರು ನಿನಗಾಡಿದ ಮಾತು. ಈ ಸಲ ವಿದ್ಯಾಶ್ರೀ ತೆಗೆದ ಚೀಟಿಯಲ್ಲಿ ಮೊದಲು ಕಂಡದ್ದು ಹೊಳೆ, ಆಮೇಲೆ ಬೆಂಕಿ. ಕೇಡಿನ ಮಾತೆಂದುಕೊಂಡಳು. ಪೂರ್ತಿ ಓದುವ ಮೊದಲೇ ಅದನ್ನು ಡಬ್ಬಿಗೆ ಜಾರಿಸಿ ಇನ್ನೊಂದು ತೆಗೆದಳು. ಯಾವ ಕೇಡೂ ನಿನ್ನ ಮನೆಯ ಹತ್ತಿರ ಸುಳಿಯದು ಎಂದಿತ್ತು. ಜೀವ ತಂಪಾಯಿತು.

ಅವಳ ನಂತರ ಕೈ ಹಾಕಿದವಳು ಕರೆವ್ವ. "ಓದ ತಂಗಿ," ಎಂದು ಚೀಟಿ ಕೊಟ್ಟಳು. ಅದೇ ಹೊಳೆ, ಅದೇ ಬೆಂಕಿ! ವಿದ್ಯಾಶ್ರೀ ಆ ಚೀಟಿಯನ್ನು ಹಿಡಿದುಕೊಂಡೇ ತನ್ನ ಚೀಟಿಯ ವಚನ ಹೇಳಿಬಿಟ್ಟಳು. ಕರೆವ್ವ ತನ್ನ ಚೀಟಿಯನ್ನು ಮರಳಿ ಪಡೆದು ಕಣ್ಣಿಗೊತ್ತಿಕೊಂಡು ಕುಪ್ಪಸದೊಳಗೆ ಇಟ್ಟಳು.

ಮಾರ್ಚಿನಲ್ಲಿ ಬಣವೆಗೆ ಬೆಂಕಿ ಬಿತ್ತು. ಆಕಳ ಹಗ್ಗ ಬಿಚ್ಚಲು ಹೋಗಿ ಕರೆವ್ವ ಬಲ ಅಂಗೈ ಸುಟ್ಟುಕೊಂಡಳು. ಎರಡು ಭಾನುವಾರ ಪ್ರಾರ್ಥನೆಗೆ ಬರಲಿಲ್ಲ.

"ಇನ್ನ ಬರಾಂಗಿಲ್ಲ ಅಂತಾಳ," ಎಂದ ಉಳಿವೆಪ್ಪ ಎರಡನೆಯ ಭಾನುವಾರ. "ಹತ್ರ ಸುಳ್ಯಾಂಗಿಲ್ಲ ಅಂತ ಮಾತ ಕೊಟ್ಟ ದೇವರು ಯಾಕ ತಪ್ಪಿದ ಅಂತ ಕೇಳ್ತಾಳ. ನಾ ಏನ್ ಹೇಳ್ಲಿ?"

ಸುಳ್ಳಾಡಿದ್ದು ತಾನು, ಸುಳ್ಳುಗಾರನಾದವನು ದೇವರು. ಹೇಳದಿದ್ದರೆ ಕರೆವ್ವ ಕೈತಪ್ಪಿ ಹೋದಂತೆಯೇ. ಹೇಳಿದರೆ ತನ್ನ ಬಾಯಿಂದ ಬಂದ ಒಂದಕ್ಷರವನ್ನಾದರೂ ಇನ್ನು ಯಾರು ನಂಬುತ್ತಾರೆ? ಮರುದಿನ ಬೆಳಿಗ್ಗೆ ಬೈಬಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ಓಣಿಯ ತಿರುವಿನಿಂದ ಎರಡು ಸಲ ಹಿಂದಿರುಗಿ, ಮೂರನೆಯ ಸಲ ದಾಟಿದಳು.

ಕರೆವ್ವ ಕಟ್ಟೆಯ ಮೇಲೆ ಕೂತು ಎಡಗೈಯಿಂದ ಹೆಸರುಕಾಳು ಹಸನು ಮಾಡುತ್ತಿದ್ದಳು.

"ಬಾರವ್ವಾ, ಓದಾಕಿ. ಇವತ್ತ ಇನ್ನ್ಯಾವ ಮಾತ ತಂದಿ?"

ವಿದ್ಯಾಶ್ರೀ ನಿಂತುಕೊಂಡೇ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಕರೆವ್ವನ ಮುಖ ಕೆಂಪಾಯಿತು.

"ಇಕಿಗೆ ಅಕ್ಷರ ಬರೂದಿಲ್ಲ, ಏನರ ಓದಿದ್ರ ನಡೀತೈತಿ ಅಂದ್ಯಾ?"

"ಅಂಜಿಕಿ ಬಂತ್ರಿ ಅಕ್ಕಾ."

"ನೀ ಅಂಜು, ಬ್ಯಾಡ ಅನ್ನೂದಿಲ್ಲ. ನನ್ನ ಪಾಲಿನ ಅಂಜಿಕಿನೂ ನೀನ ಅಂಜತೀ ಏನ? ಹದಿನೈದ ದಿನಾತು, ದೇವರನ್ನ ಹೆಸರ ಹಿಡದ ಬೈಯಾಕತ್ತೇನಿ. ಆ ಬೈಗಳ ಈಗ ಯಾರಿಗೆ ಕೊಡ್ಲಿ?"

ಕರೆವ್ವ ಕುಪ್ಪಸದಿಂದ ಬೆವರಿಗೆ ಮೆತ್ತಗಾದ ಚೀಟಿ ತೆಗೆದು ಚಾಚಿದಳು. "ಹಿಡಿ. ಇದ್ದದ್ದ ಇದ್ದಂಗ ಓದು."

ಹೊಳೆ ದಾಟುವಾಗ ನಿನ್ನ ಸಂಗಡ ಇರುತ್ತೇನೆ, ಬೆಂಕಿಯಲ್ಲಿ ನಡೆದರೂ ನೀನು ಸುಡುವುದಿಲ್ಲ ಎಂದಿತ್ತು. 'ಸಂಗಡ' ಎಂಬ ಮಾತು ಅಲ್ಲಿರುವುದನ್ನು ವಿದ್ಯಾಶ್ರೀ ಅಂದು ನೋಡಿಯೇ ಇರಲಿಲ್ಲ.

ಕರೆವ್ವ ಪಟ್ಟಿ ಕಟ್ಟಿದ ಅಂಗೈ ಎತ್ತಿ ತೋರಿಸಿದಳು. "ಹಂಗಾದ್ರ ಇದೇನ?"

"ಗೊತ್ತಿಲ್ರಿ ಅಕ್ಕಾ." ಆ ಮಾತು ತೊದಲದೆ ಬಂತು.

"ಸಂಗಡ ಇರತೇನಿ ಅಂತ ಖರೇನ ಐತೇನ? ಇಲ್ಲಾ ಅದನ್ನೂ ನೀನ ಕೂಡಿಸಿದಿ?"

"ಐತ್ರಿ. ಖರೇನ ಐತಿ."

ಕರೆವ್ವ ಮೊರದ ಕಾಳಿಗೆ ಮತ್ತೆ ಕೈ ಹಾಕಿದಳು. "ಬುಕ್ಕ ತಂದಿಯಲ್ಲ. ಇದರ ಮ್ಯಾಲ ಏನೈತಿ ಓದು. ತುಂಡ ಮಾತ ಸಾಕಾತು ನನಗ."

ಚೀಟಿಯ ಮೂಲೆಯಲ್ಲಿದ್ದ ಅಂಕಿ ನೋಡಿ ವಿದ್ಯಾಶ್ರೀ ಪುಟ ತೆರೆದಳು. ಜನವರಿಯಿಂದ ಆ ಪುಟಕ್ಕೆ ಅವಳು ಹೋಗಿರಲಿಲ್ಲ. ರೂಢಿಯಂತೆ ಬಾಯಿಗಿಂತ ಮೊದಲೇ ಕಣ್ಣು ಮೇಲಿನ ಸಾಲುಗಳಿಗೆ ಓಡಿತು. ಹಿಂದಿನ ಅಧ್ಯಾಯದ ಕೊನೆಯ ಸಾಲಿನಲ್ಲಿ ದೇವರ ಸಿಟ್ಟು ಸುತ್ತಲೂ ಹೊತ್ತಿ ಉರಿದಿತ್ತು. ಆ ಬೆಂಕಿ ಸುಟ್ಟರೂ ಜನ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ ಎಂದಿತ್ತು. ಅವಳ ಬೆರಳು ತಾನಾಗಿಯೇ ಆ ಸಾಲನ್ನು ಮುಚ್ಚಿತು. ಅದರ ಕೆಳಗಿನಿಂದ ಶುರು ಮಾಡಿದರೆ ಯಾರಿಗೆ ಗೊತ್ತಾಗುತ್ತದೆ?

"ಯಾಕ ನಿಂತಿ?"

ವಿದ್ಯಾಶ್ರೀ ಬೆರಳು ತೆಗೆದಳು. ಇದ್ದದ್ದನ್ನು ಇದ್ದಂತೆ ಓದಿದಳು. ಮೊರದಲ್ಲಿ ಆಡುತ್ತಿದ್ದ ಕರೆವ್ವನ ಕೈ ನಿಂತಿತು. ಅವಳು ಎದ್ದು ಹೋಗುತ್ತಾಳೆಂದು ವಿದ್ಯಾಶ್ರೀ ಕಾದಳು. ಹೋಗಲಿಲ್ಲ.

"ಮುಂದ?"

ಮುಂದೆ ಹೊಸ ಅಧ್ಯಾಯ. ಅದು 'ಆದರೆ ಈಗ' ಎಂದು ಶುರುವಾಗಿತ್ತು. ಆ ಸಾಲು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನೋಡಿಕೊಳ್ಳದೆಯೇ ವಿದ್ಯಾಶ್ರೀ ದನಿ ಎತ್ತಿ ಓದತೊಡಗಿದಳು.