ಅಕ್ಕನ ದಿಂಬು

ಇನ್ನೂ ಒದ್ದೆಯೇ, ಮೇಲೆ ಒಣಗಿದಂತೆ ಕಾಣುತ್ತದೆ, ಒತ್ತಿದರೆ ಒಳಗೆಲ್ಲೋ ತಣ್ಣಗೆ — ಅವನು ತಾರಸಿಯ ಬಿಸಿಲಿನಲ್ಲಿ ದಿಂಬನ್ನು ಮತ್ತೆ ಮಗುಚಿ ಹಾಕಿದ, ಬೆಳಿಗ್ಗೆ ಸೋಪಿನ ಪುಡಿ ಕದಡಿದ ಉಗುರುಬೆಚ್ಚಗಿನ ನೀರಿನಲ್ಲಿ ಅದುಮಿದಾಗ ಚಹಾದ ಬಣ್ಣ ಬಿಟ್ಟಿತ್ತು, ಮೂರು ವರ್ಷದ ಬೆವರು, ಎಣ್ಣೆ, ಜೊಲ್ಲು, ಎಲ್ಲ ಹಾಸಿಗೆ ಹಿಡಿದ ಅಕ್ಕನದು, ಅಮ್ಮ ಹೋದಾಗ ಅವನಿಗೆ ಐದು, ಅಕ್ಕನಿಗೆ ಹದಿನಾರು, ಆಗೆಲ್ಲ ಅವಳ ತೊಡೆಯೇ ಅವನಿಗೆ ದಿಂಬು, ಇವನನ್ನ ಯಾರು ನೋಡ್ಕೋತಾರೆ ಅಂತ, ತನ್ನನ್ನು ನೋಡಲು ಬಂದ ಗಂಡುಗಳನ್ನೆಲ್ಲ ವಾಪಸು ಕಳಿಸಿದವಳು, ಅದನ್ನು ಒಂದು ದಿನವೂ ಎತ್ತಿ ಆಡಿಲ್ಲ, ಆಡಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು — ಏನಪ್ಪಾ ಡ್ರೈವರ್ರೇ, ರಜೆ ಮೇಲೆ ರಜೆ, ಸೋಮವಾರ ಬಂದು ಬಸ್ಸು ಹತ್ತುತೀಯೋ, ಬೇರೆಯವರನ್ನ ಹಾಕ್ಲೋ, ನಿನ್ನೆ ಫೋನಿನಲ್ಲಿ ಡಿಪೋ ಸಾಹೇಬರು, ಆ ಇಳಿಜಾರಿನ ರಸ್ತೆ, ಕಿಟಕಿಯ ಗಾಳಿ, ಹಿಂದೆ ಬಸ್ಸು ತುಂಬ ಜನ, ಒಬ್ಬರೂ ತನ್ನವರಲ್ಲ, ಎಷ್ಟು ಹಾಯಾಗಿರುತ್ತಿತ್ತು, ಹಗಲೂ ರಾತ್ರಿ ಇರಲು ನರ್ಸಮ್ಮ ಒಬ್ಬಳು ಒಪ್ಪಿದ್ದಾಳೆ, ಅಕ್ಕನಿಗೆ ಹೇಳುವುದೊಂದು ಬಾಕಿ, ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಮೊನ್ನೆ ಪರದೆ ಒಗೆದ, ನಿನ್ನೆ ಕಿಟಕಿ ಒರೆಸಿದ, ಇವತ್ತು ದಿಂಬು, ಇನ್ನು ತೊಳೆಯಲು ಮನೆಯಲ್ಲಿ ಏನೂ ಉಳಿದಿಲ್ಲ, ಅಂಗೈಯಿಂದ ತಟ್ಟುತ್ತಾನೆ, ಗಂಟುಕಟ್ಟಿದ ಹತ್ತಿ ಬಿಡಿಸಿಕೊಳ್ಳುತ್ತದೆ, ಸಂಜೆಯ ಹೊತ್ತಿಗೆ ಒಳಗೂ ಒಣಗಿ ಗರಿಗರಿ, ಮೂಗಿಗೆ ಹಿಡಿದ, ಬರೀ ಬಿಸಿಲಿನ ವಾಸನೆ, ಅಕ್ಕ ಇಲ್ಲವೇ ಇಲ್ಲ — ಛೀ, ಎಂಥ ಯೋಚನೆ, ದಡದಡ ಮೆಟ್ಟಿಲಿಳಿದು ಅವಳ ತಲೆ ಎತ್ತಿ ದಿಂಬನ್ನು ಕೆಳಗಿಟ್ಟ, ಬೆಚ್ಚಗಿದೆ ಕಣೋ, ಅಂದಳು, ಕಣ್ಣು ಮುಚ್ಚಿಕೊಂಡೇ, ನೀನು ಫೋನಲ್ಲಿ ಮಾತಾಡಿದ್ದೆಲ್ಲ ಕೇಳಿಸ್ತು, ನಂಗೆ ಹೋಗಿರೋದು ಕಾಲು, ಕಿವಿ ಅಲ್ಲ, ಆ ನರ್ಸಮ್ಮ ಬರ್ಲಿ, ನೀನು ಹೋಗು — ನಿಜವಾಗ್ಲೂ ಹೋಗ್ಲಾ ಅಕ್ಕ — ಹೋಗು ಅಂದ್ನಲ್ಲ, ಎಷ್ಟು ಸಲ ಹೇಳ್ಬೇಕು ನಿಂಗೆ — ಇಷ್ಟು ಸುಲಭವೇ, ಮೂರು ವರ್ಷ ಇದಕ್ಕೇ ಹೆದರಿದ್ದೆನೇ, ಈಗಲೇ ಸಾಹೇಬರಿಗೆ ಹೇಳಿಬಿಡಬೇಕು, ಏಳಹೋದ, ಏಳಲಾಗಲಿಲ್ಲ, ಅಂಗಿಯ ತೋಳು ಅವಳ ಮುಷ್ಟಿಯಲ್ಲಿ, ಹೋಗು, ಅನ್ನುತ್ತಲೇ ಇದ್ದಾಳೆ, ಮೆಲ್ಲಗೆ ಒಂದು ಬೆರಳು ಬಿಡಿಸಿದ, ಎರಡನೆಯದು ಬಿಡಿಸುವಷ್ಟರಲ್ಲಿ ಮೊದಲಿನದು ಮಡಚಿಕೊಂಡಿತು, ಹೋಗೋ, ಹೊತ್ತಾಯ್ತು, ಬಿಳಿಚಿದ ಗೆಣ್ಣುಗಳು, ಅಂಗಿಯ ತೋಳು, ಒಂದು ಬೆರಳು, ಮತ್ತೆ ಆ ಬೆರಳು, ಮತ್ತೆ ಅದೇ ಬೆರಳು —