ತಾಳದ ಕೋಲು

ಶ್ರದ್ಧಾ ನೃತ್ಯ ಬಿಟ್ಟಳೆಂಬ ಸುದ್ದಿ ಪುಣೆಯ ಕನ್ನಡಿಗರಲ್ಲಿ ಹಬ್ಬಿದಾಗ ಅವಳ ಗುರು ಉಮಾವತಿ ಸಿಕ್ಕವರಿಗೆಲ್ಲ ಒಂದೇ ಮಾತು ಹೇಳಿದರು: "ಕುಣಿಯಲಿಕ್ಕೆ ಬಾರದವರು ಕುರ್ಚಿ ಹಾಕ್ಲಿಕ್ಕೆ ಹೋಗ್ತಾರೆ."

ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಉಮಾವತಿಯ ಶಿಷ್ಯೆಯರಲ್ಲಿ ಶ್ರದ್ಧಾಳ ಸಮಕ್ಕೆ ಭರತನಾಟ್ಯ ಮಾಡುವವರು ಯಾರೂ ಇರಲಿಲ್ಲ. ತಮ್ಮ ಗಂಡನ ಹೋಟೆಲಿನ ಮಾಳಿಗೆಯಲ್ಲಿ ನಡೆಯುವ ಕ್ಲಾಸನ್ನು ಮುಂದೆ ಅವಳ ಕೈಗೇ ಒಪ್ಪಿಸುವುದೆಂದು ಉಮಾವತಿ ಕುಂದಾಪುರದ ನೆಂಟರ ಮುಂದೆಲ್ಲ ಹೇಳಿಕೊಂಡಿದ್ದರು. ಶ್ರದ್ಧಾಗೆ ಮಾತ್ರ ವೇದಿಕೆಗಿಂತ ಅದರ ಮುಂದೆ ಕೂತ ಮಕ್ಕಳ ಮುಖಗಳೇ ಹೆಚ್ಚು ಹಿಡಿಸತೊಡಗಿದ್ದವು. ಧನಕವಡಿ ಬಡಾವಣೆಯಲ್ಲಿ ಮಕ್ಕಳ ಕಲಾಕೇಂದ್ರವೊಂದು ಶುರುವಾದಾಗ ವ್ಯವಸ್ಥಾಪಕಿಯಾಗಿ ಸೇರಿಬಿಟ್ಟಳು. ಗೊಂಬೆಯಾಟದವರನ್ನು ಕರೆಸುವುದು, ಪರವಾನಗಿಗೆ ಪೊಲೀಸ್ ಠಾಣೆಗೆ ಅಲೆಯುವುದು, ನಾಟಕದ ನಡುವೆ ಹೆದರಿ ಅತ್ತ ಮಗುವನ್ನು ಹೊರಗೆ ಕರೆದೊಯ್ದು ನೀರು ಕುಡಿಸುವುದು, ಎಲ್ಲ ಅವಳದೇ ಕೆಲಸ.

ಮರುವರ್ಷದ ಮಕ್ಕಳ ಉತ್ಸವದ ಉದ್ಘಾಟನೆಗೆ ಕೇಂದ್ರದ ಅಧ್ಯಕ್ಷ ಮಾರ್ತಾಂಡರಾವ್ ಉಮಾವತಿಯ ತಂಡವನ್ನೇ ಕರೆದರು. ಶ್ರದ್ಧಾಳನ್ನು ಒಂದು ಮಾತು ಕೇಳಲಿಲ್ಲ.

ತಾಲೀಮಿಗೆ ಬಂದ ಉಮಾವತಿ ಅವಳ ಮುಖವನ್ನೂ ನೋಡದೆ, "ಇಲ್ಲಿ ಮ್ಯಾನೇಜರ್ ಅಂತ ಯಾರಾದ್ರೂ ಇದ್ದಾರಾ? ಸ್ಟೇಜ್ ಗುಡಿಸಿಲ್ಲ" ಎಂದರು.

ಶ್ರದ್ಧಾ ತಾನೇ ಕಸಬರಿಗೆ ಹಿಡಿದು ಗುಡಿಸಿದಳು. ತಂಡದ ಹುಡುಗಿಯರು ಮುಸಿಮುಸಿ ನಕ್ಕರು.

ಮುಂದಿನ ಸಾಲಿನಲ್ಲಿ ಇಂಪನಾ ಎಂಬ ಎಂಟು ವರ್ಷದ ಹುಡುಗಿ ಇದ್ದಳು. ಅವಳ ಹೆಜ್ಜೆ ತಪ್ಪಿತು. ಉಮಾವತಿ ಎದ್ದುಬಂದು ತಾಳ ಹಾಕುವ ಕೋಲಿನಿಂದಲೇ ಮೀನಖಂಡಕ್ಕೆ ಬಾರಿಸಿದರು. ಹುಡುಗಿ ಅಳಲಿಲ್ಲ. ಮುಖದ ಮೇಲಿನ ನಗುವನ್ನೂ ಬಿಡಲಿಲ್ಲ. ಹಾಗೆಯೇ ಅವಳಿಗೆ ಕಲಿಸಲಾಗಿತ್ತು. ಕೋಲು ಮತ್ತೆ ಮೇಲೆದ್ದಾಗ ಶ್ರದ್ಧಾ ವೇದಿಕೆ ಹತ್ತಿ ಅದನ್ನು ಹಿಡಿದುಕೊಂಡಳು.

"ಇಲ್ಲಿ ಮಕ್ಕಳ ಮ್ಯಾಲೆ ಕೈ ಮಾಡಂಗಿಲ್ರಿ."

"ಓಹೋ! ನೀನು ಕಲಿತದ್ದು ಎಂತದರಿಂದ ಮಾರಾಯ್ತಿ? ಇದೇ ಕೋಲಿನಿಂದ ಅಲ್ವಾ?"

"ಕಲ್ತದ್ದೂ ಇದರಿಂದನ, ಬಿಟ್ಟದ್ದೂ ಇದರಿಂದನ."

ಉಮಾವತಿಯ ಮುಖ ಬಿಳಿಚಿತು. ಕೋಲನ್ನು ಅವಳ ಕೈಯಲ್ಲೇ ಬಿಟ್ಟು ಮಕ್ಕಳನ್ನೆಲ್ಲ ಹೊರಡಿಸಿದರು. "ಉಂಡ ಮನೆಯ ಜಂತೆ ಎಣಿಸಿದವಳು ನೀನು. ನಿನ್ನ ಉತ್ಸವ ಹೇಗೆ ನಡೀತದೆ, ನಾನೂ ನೋಡ್ತೇನೆ."

ಮರುದಿನ ಪೋಷಕರು ಗುಂಪಾಗಿ ಬಂದರು. ಎಲ್ಲರಿಗಿಂತ ಮುಂದೆ ಇಂಪನಾಳ ತಾಯಿ ಹರ್ಷದಾ. ಬೆಳಗಾವಿಯವಳು, ಗಂಡ ಖಡಕಿಯ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ನೌಕರ.

"ನಮ್ಮ ಮಗಳ ಕೈಯಾಗಿಂದ ಸ್ಟೇಜ್ ಕಸಗೊಂಡ್ರಲ್ರೀ! ಆಕಿ ಮ್ಯಾಲೆ ನಿಮಗ್ಯಾಕ ಇಷ್ಟ ಕಳಕಳಿ?"

"ಆಕಿ ಕಾಲ ನೋಡೀರೇನು? ಬಾಸುಂಡೆ ಎದ್ದಾವ."

"ಡಾನ್ಸ್ ಅಂದ್ರ ಅಷ್ಟ ಆಗತದ. ಹಡದಾಕಿ ನಾನು. ನಿಮಗೇನ ತಿಳೀತದ!"

ಅವರೆಲ್ಲ ಹೋದ ಮೇಲೆ ಮಾರ್ತಾಂಡರಾವ್ ಬಾಗಿಲು ಮುಂದೆ ಮಾಡಿ, "ಉಮಾವತಿ ಬಾಯಾರ್ನ ಒಂದ ಕ್ಷಮಾ ಕೇಳಿಬಿಡವಾ. ಮುಗೀತದ" ಎಂದರು.

"ಕೇಳೂದಿಲ್ರಿ. ಬೇಕಾದ್ರ ಕೆಲಸದಿಂದ ತಗೀರಿ."

ಉತ್ಸವ ತಲೆಯ ಮೇಲಿತ್ತು. ಅವರು ತೆಗೆಯಲಿಲ್ಲ, ಅವಳೊಡನೆ ಮಾತಾಡುವುದನ್ನಷ್ಟೇ ನಿಲ್ಲಿಸಿದರು. ಉಮಾವತಿಯ ತಂಡವೂ ಆ ಪೋಷಕರೂ ಬರಲಿಲ್ಲ. ಅರ್ಧ ಖಾಲಿ ಸಭಾಂಗಣದಲ್ಲಿ ಗೊಂಬೆಯಾಟದಿಂದಲೇ ಉತ್ಸವ ಶುರುವಾಯಿತು. ಬಂದ ಮಕ್ಕಳು ಬಿದ್ದುಬಿದ್ದು ನಕ್ಕರು. ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಶ್ರದ್ಧಾಗೆ 'ಗುರುದ್ರೋಹಿ' ಎಂಬ ಹೆಸರು ಬಿತ್ತು. ತಾಳಲಾರದೆ ಅವಳು ಗುಂಪು ಬಿಟ್ಟಳು.

ದೀಪಾವಳಿ ಕಳೆದ ಮೇಲೆ ಖಡಕಿಯ ಬಜಾರಿನಲ್ಲಿ ಹರ್ಷದಾ ಎದುರಾದಳು. ಶ್ರದ್ಧಾ ಪಕ್ಕಕ್ಕೆ ಸರಿದರೂ ಬಿಡದೆ ಅಡ್ಡ ನಿಂತಳು.

"ನಿಮ್ಮಿಂದ ಏನ ಛಲೋ ಆತ್ರಿ? ಮೊದಲ ನಮ್ಮ ಕಣ್ಣ ಮುಂದ ಹೊಡೀತಿದ್ರು. ಈಗ ಬಾಗಿಲಾ ಹಾಕ್ಕೊಂಡ ಹೊಡೀತಾರ. ನಾವು ಮೆಟ್ಟಿಲ ಮ್ಯಾಲೆ ಕುಂತ ಕೇಳಬೇಕು." ಸಿಟ್ಟಿನಿಂದ ಎದ್ದ ದನಿ ಕೊನೆಗೆ ಒಡೆಯಿತು.

"ಬಿಡಸ್ರಿ ಹಂಗಾರ."

"ಆಕಿನ ಒಲ್ಲೆ ಅಂತಾಳ. ಕುಣಿಯೂದಂದ್ರ ಜೀವಾ. ಈಗೂ ಅಲ್ಲೇ ಅದಾಳ."

"ನಡೀರಿ, ಇಬ್ಬರೂ ಹೋಗೂಣು."

ಹರ್ಷದಾ ರಿಕ್ಷಾ ಕರೆದಳು.

ಹೋಟೆಲಿನ ಮಾಳಿಗೆಯ ಬಾಗಿಲನ್ನು ಶ್ರದ್ಧಾ ಅಂಗೈಯಿಂದ ಬಡಿದಳು. ಉಮಾವತಿ ತೆರೆದು, "ಇಲ್ಲಿಗೆ ಬರಲಿಕ್ಕೆ ನಾಚಿಕೆ ಇಲ್ವಾ ನಿಂಗೆ?" ಎಂದರು. ಶ್ರದ್ಧಾ ಬಾಯಿ ತೆರೆಯುವ ಮೊದಲೇ ಹಿಂದಿದ್ದ ಹರ್ಷದಾ ಮುಂದೆ ಬಂದಳು.

"ಬಾಗಿಲಾ ತಗದ ಕಲಸ್ರಿ ಬಾಯಾರ. ಇಲ್ಲಂದ್ರ ಪೊಲೀಸ್ರಿಗೆ ಹೇಳ್ತೇನಿ."

"ಹಾಗಾದ್ರೆ ನಿನ್ನ ಮಗಳನ್ನು ಈಗಲೇ ಕರ್ಕೊಂಡು ಹೋಗು. ನಿನ್ನಂಥವರ ಹಂಗು ನನಗಿಲ್ಲ."

ಹರ್ಷದಾ ಒಳಗೆ ಹೋಗಿ ಮಗಳ ರಟ್ಟೆ ಹಿಡಿದಳು. ಇಂಪನಾ ಕೊಸರಾಡಿದಳು, ಕಿರುಚಿದಳು. ಗೆಜ್ಜೆ ಝಲ್ಲೆನ್ನುತ್ತ ಮೆಟ್ಟಿಲಿಳಿಯುವಾಗ ಶ್ರದ್ಧಾಳತ್ತ ತಿರುಗಿ, "ಎಲ್ಲಾ ನೀವ ಹಾಳ ಮಾಡಿದ್ರಿ!" ಎಂದು ಕೂಗಿದಳು.

ಉಮಾವತಿಯ ಕ್ಲಾಸು ಈಗಲೂ ನಡೆಯುತ್ತದೆ. ಉಳಿದ ತಾಯಂದಿರೂ ಒಬ್ಬೊಬ್ಬರಾಗಿ ಒಳಗೆ ಕೂರಲು ಹಟ ಹಿಡಿದಿದ್ದರಿಂದ ಬಾಗಿಲು ತೆರೆದೇ ಇರುತ್ತದಂತೆ. ಅದಕ್ಕೆ ಕಾರಣ ಯಾರೆಂದು ಉಮಾವತಿ ಮರೆತಿಲ್ಲ. ಸಭೆ ಸಮಾರಂಭಗಳಿಗೆ ಶ್ರದ್ಧಾ ಬಂದರೆ ಎದ್ದು ಹೋಗುತ್ತಾರೆ.

ಕೇಂದ್ರದಲ್ಲಿ ನೃತ್ಯ ಕಲಿಸಲು ಶ್ರದ್ಧಾ ಬೇರೊಬ್ಬ ಟೀಚರನ್ನು ಹುಡುಕಿ ತಂದಳು. ಕೆಲವು ವಾರಗಳ ನಂತರ ಹರ್ಷದಾ ಮಗಳನ್ನು ಕರೆತಂದು ಸೇರಿಸಿದಳು. ಇಂಪನಾ ಚೆನ್ನಾಗಿ ಕುಣಿಯುತ್ತಾಳೆಂದು ಟೀಚರ್ ಹೇಳುತ್ತಾರೆ. ಆದರೆ ಶ್ರದ್ಧಾ ಹೊಸ್ತಿಲಲ್ಲಿ ಕಂಡರೆ ಸಾಕು, ಕುಣಿತ ನಿಲ್ಲಿಸಿ ಕೈ ಇಳಿಬಿಟ್ಟು ನಿಂತುಬಿಡುತ್ತಾಳೆ. ಶ್ರದ್ಧಾ ಆ ಕಡೆ ಹೋಗುವುದನ್ನೇ ಬಿಟ್ಟಿದ್ದಾಳೆ.